ಸೊಂಟನೋವಿಗೆ ಅಂತ ಸೇರಿದ 12 ವಾರದ ಆನ್‌ಲೈನ್ ಯೋಗ ಕ್ಲಾಸು: ಐದಕ್ಕೆ ಮೂರೂವರೆ

ನಂದು ನಾಲ್ಕು ವರ್ಷದ ಸೊಂಟನೋವು. ಮೂರು ತಿಂಗಳು ದಾಟಿದ್ರೆ ಸಾಕು ಡಾಕ್ಟರುಗಳು ಅದನ್ನ ಕ್ರಾನಿಕ್ ಅಂತಾರೆ, ಆ ಲೆಕ್ಕದಲ್ಲಿ ನಾನು ಈ ಫೀಲ್ಡಲ್ಲಿ ಸೀನಿಯರ್ರು. ಮಾತ್ರೆ, ಬೆಲ್ಟು, ಬಿಸಿನೀರಿನ ಬ್ಯಾಗು, ಫಿಸಿಯೋ ಎಲ್ಲ ಆಗಿ ಕೊನೆಗೆ ಬೆನ್ನುನೋವಿನವರಿಗೇ ಅಂತ ಮಾಡಿರೋ ಒಂದು ಯೋಗ ಕ್ಲಾಸಿಗೆ ಸೇರ್ಕೊಂಡೆ, ವಾರಕ್ಕೆ ಎರಡು ಲೈವ್ ಕ್ಲಾಸು, ಉಳಿದ ದಿನ ಮನೇಲಿ 20 ನಿಮಿಷ. ಹೆಸರು ಹಾಕ್ತಿಲ್ಲ, ಯಾಕಂದ್ರೆ ಬೈಯೋದೂ ಸ್ವಲ್ಪ ಇದೆ.

ಇದಕ್ಕೆ ಮುಂಚೆ ಇನ್ನೊಂದು ಕಡೆ ಮಾಮೂಲಿ ಬ್ಯಾಚಿಗೆ ಹೋಗಿದ್ದೆ. ಅಲ್ಲಿ ತಲೆಗೆಲ್ಲ ಒಂದೇ ಮಂತ್ರ. ಎರಡನೇ ದಿನಾನೇ ಹಲಾಸನ (ಮಲಗಿ ಕಾಲೆತ್ತಿ ತಲೆ ಹಿಂದಕ್ಕೆ ಹಾಕೋದು), ಗುರುಗಳು ಹಿಂದಿಂದ ಬಂದು ಬೆನ್ನು ಒತ್ತಿ ಇನ್ನೂ ಸ್ವಲ್ಪ ಇನ್ನೂ ಸ್ವಲ್ಪ ಅಂದ್ರು, ನಾನೂ ಮರ್ಯಾದೆಗೆ ಅಂಜಿ ಬಗ್ಗಿದೆ, ಆಮೇಲೆ ಒಂದು ವಾರ ಸಾಕ್ಸ್ ಹಾಕ್ಕೊಳ್ಳೋಕೂ ಇನ್ನೊಬ್ರನ್ನ ಕರೀಬೇಕಾಯ್ತು. ಹಂಗಾಗಿ ಯೋಗ ಅಂದ್ರೇನೇ ಭಯ ಹತ್ಕೊಂಡಿತ್ತು.

ಈ ಕ್ಲಾಸಲ್ಲಿ ಮೊದಲು ಆಸನಾನೇ ಇಲ್ಲ, ಬರೀ ಪ್ರಶ್ನೆ. ನೋವು ಯಾವ ಹೊತ್ತಿಗೆ ಜಾಸ್ತಿ, ಎಷ್ಟು ಹೊತ್ತು ಕೂರೋಕಾಗುತ್ತೆ, ನಿದ್ದೆ ಹೆಂಗೆ, ಬಿಪಿ ಇದ್ಯಾ, ಕಣ್ಣಿಗೆ ಗ್ಲಾಕೋಮಾ ಇದ್ಯಾ (ಇದ್ರೆ ತಲೆಕೆಳಗಾಗಿ ಮಾಡೋ ಆಸನ ಬೇಡ, ಕಣ್ಣಿನ ಒತ್ತಡ ಏರುತ್ತೆ), ಮೂಳೆ ಸವೆತ ಇದ್ಯಾ, ಆಪರೇಷನ್ ಆಗಿದ್ಯಾ. ಕೊನೇಲಿ ಮೇಡಂ ಒಂದು ಕೇಳಿದ್ರು, ನೋವಿಗೆ ಹೆದರಿ ಏನೇನು ಮಾಡೋದು ಬಿಟ್ಟಿದ್ದೀರ ಅಂತ. ನಾಲ್ಕು ವರ್ಷದಲ್ಲಿ ಯಾರೂ ಇದನ್ನ ಕೇಳಿರ್ಲಿಲ್ಲ. ನೆಲಕ್ಕೆ ಪೆನ್ನು ಬಿದ್ರೆ ಎತ್ತಲ್ಲ ಮೇಡಂ, ಕಾಲಲ್ಲಿ ಮೇಜಿನ ಕೆಳಗೆ ತಳ್ಬಿಡ್ತೀನಿ ಅಂದೆ. ಅವರು ನಗ್ಲಿಲ್ಲ, ಬರ್ಕೊಂಡ್ರು.

ಮೊದಲ ಎರಡು ವಾರ ನಿಜ ಹೇಳ್ಬೇಕಂದ್ರೆ ಮೋಸ ಹೋದೆ ಅನ್ನಿಸ್ತು. ಮಕರಾಸನದಲ್ಲಿ ಮಲಗು, ಉಸಿರು ಬಿಡು, ಮಂಡಿ ಮಡಚಿ ಆ ಕಡೆ ಈ ಕಡೆ ನಿಧಾನ ವಾಲಿಸು, ಅಷ್ಟೇ. ಫೀಸು ಕಟ್ಟಿ ಮಲಗೋಕೆ ಬಂದ್ನಾ ಅಂತ. ಆಮೇಲೆ ಮಾರ್ಜರಿಆಸನ, ಮೊಣಕೈ ಊರಿ ಅರ್ಧ ಭುಜಂಗಾಸನ, ಸೊಂಟದ ಕೆಳಗೆ ಬ್ಲಾಕ್ (ಇಟ್ಟಿಗೆ ಥರದ ಆಸರೆ) ಇಟ್ಟು ಸೇತುಬಂಧಾಸನ, ಹೀಗೆ ಒಂದೊಂದೇ ಬಂತು. ಈ ಬ್ಲಾಕು ಬೆಲ್ಟು ಕುರ್ಚಿ ಎಲ್ಲ ಬಿ.ಕೆ.ಎಸ್. ಅಯ್ಯಂಗಾರ್ ಪದ್ಧತಿಯಿಂದ ಜನಪ್ರಿಯ ಆಗಿದ್ದು, ಮುಂಚೆ ನಾನು ಅದನ್ನ ಆಗದವರ ಊರುಗೋಲು ಅನ್ಕೊಂಡಿದ್ದೆ. ಕುರ್ಚಿ ಹಿಡ್ಕೊಂಡು ಬಗ್ಗಿದಾಗ ಗೊತ್ತಾಯ್ತು, ದೇಹಕ್ಕೆ ಬೀಳಲ್ಲ ಅಂತ ಧೈರ್ಯ ಸಿಕ್ರೆ ಬಿಗಿ ಹಿಡ್ದಿದ್ದು ತಾನಾಗೇ ಸಡಿಲ ಆಗುತ್ತೆ.

ನಂಗೆ ಅತೀ ಉಪಯೋಗಕ್ಕೆ ಬಂದಿದ್ದು ಆಸನಕ್ಕಿಂತ ಒಂದು ಲೆಕ್ಕ. ಶುರು ಮಾಡೋ ಮುಂಚೆ ನೋವಿಗೆ 0ಯಿಂದ 10ರೊಳಗೆ ಒಂದು ನಂಬರ್ ಕೊಡು, ಮಾಡುವಾಗ ಎರಡು ಏರಿದ್ರೆ ಪರವಾಗಿಲ್ಲ, ಆದ್ರೆ ಮಾರನೇ ದಿನ ಬೆಳಿಗ್ಗೆ ಹೊತ್ತಿಗೆ ಮೊದಲಿನ ನಂಬರಿಗೆ ಇಳಿದಿರ್ಬೇಕು, ಇಳೀಲಿಲ್ಲ ಅಂದ್ರೆ ಮುಂದಿನ ಸಲ ಅರ್ಧ ಮಾಡು, ಪೂರ್ತಿ ನಿಲ್ಲಿಸ್ಬೇಡ. ಇದು ಸುಲಭ ಅನ್ಸುತ್ತೆ, ಆದ್ರೆ ಐದನೇ ವಾರ ನೋವು ಸ್ವಲ್ಪ ಕಮ್ಮಿ ಆಯ್ತು ನೋಡಿ, ಖುಷೀಲಿ ಒಂದೇ ದಿನ ಇಡೀ ಮನೆ ಧೂಳು ಹೊಡ್ದು ಅಟ್ಟದ ಮೇಲಿನ ಡಬ್ಬ ಎಲ್ಲ ಇಳಿಸಿ ಮೂರು ದಿನ ಹಾಸಿಗೆ ಹಿಡಿದೆ. ಮೇಡಂಗೆ ಆಶ್ಚರ್ಯ ಆಗ್ಲೇ ಇಲ್ಲ. ಒಳ್ಳೆ ದಿನ ನೂರು ಕೆಟ್ಟ ದಿನ ಸೊನ್ನೆ ಮಾಡ್ತಿದ್ದೀರ, ಎರಡೂ ದಿನ ನಲವತ್ತು ಮಾಡಿ ಅಂದ್ರು. ಈ ಮಾತನ್ನ ಬೀರು ಬಾಗಿಲಿಗೆ ಅಂಟಿಸಿದ್ದೀನಿ.

ಇನ್ನು ಎಂಆರ್‌ಐ ವಿಷಯ. ನನ್ನ ರಿಪೋರ್ಟಲ್ಲಿ ಡಿಸ್ಕ್ ಬಲ್ಜ್ ಅಂತ ಇತ್ತು, ಅಂದ್ರೆ ಬೆನ್ನುಮೂಳೆಗಳ ಮಧ್ಯದ ಮೆತ್ತೆ ಉಬ್ಬಿದೆ ಅಂತ, ಆ ಎರಡು ಪದ ನಂಗೆ ಎರಡು ವರ್ಷ ಬಗ್ಗೋಕೆ ಬಿಡ್ಲಿಲ್ಲ. ಆಮೇಲೆ ತಿಳಿದಿದ್ದೇನಂದ್ರೆ, ನೋವೇ ಇಲ್ಲದ ಜನರ ಸ್ಕ್ಯಾನುಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದ 2015ರ ಒಂದು ವಿಮರ್ಶೆ ಇದೆ, ಅದರಲ್ಲಿ 20 ವರ್ಷದವರಲ್ಲೇ ಸುಮಾರು 30% ಜನಕ್ಕೆ ಡಿಸ್ಕ್ ಉಬ್ಬಿತ್ತಂತೆ, 80 ವರ್ಷದವರಲ್ಲಿ 84%. ಅಂದ್ರೆ ಸ್ಕ್ಯಾನಲ್ಲಿ ಕಂಡಿದ್ದೆಲ್ಲ ನೋವಿನ ಕಾರಣ ಆಗಿರ್ಬೇಕಿಲ್ಲ. ನೋವು ವರ್ಷಗಟ್ಟಲೆ ಇದ್ರೆ ನರಮಂಡಲವೇ ಸೂಕ್ಷ್ಮ ಆಗ್ಬಿಡುತ್ತೆ, ಕಳ್ಳ ಬಂದ್ರೆ ಮಾತ್ರ ಬೊಗಳ್ಬೇಕಾದ ನಾಯಿ ಎಲೆ ಅಲ್ಲಾಡಿದ್ರೂ ಬೊಗಳಿದ ಹಂಗೆ. ನಿಧಾನ ಉಸಿರು, ಪದೇಪದೇ ಅಪಾಯ ಇಲ್ಲದ ಚಲನೆ, ಇದೆಲ್ಲ ಆ ನಾಯಿಗೆ ಸುಮ್ನಿರು ಅಂತ ಅಭ್ಯಾಸ ಮಾಡ್ಸೋ ಕೆಲಸ ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಈಗ ಬೈಯೋ ಭಾಗ. ಜಾಹೀರಾತಲ್ಲಿ ಬೇರು ಸಮೇತ ಗುಣ ಅಂತ ಹಾಕಿದ್ದಾರೆ, ಇದು ಸುಳ್ಳು. 2017ರಲ್ಲಿ ಬಂದ 320 ಜನರ ಮೇಲಿನ ಒಂದು ಪ್ರಯೋಗದಲ್ಲಿ 12 ವಾರದ ಯೋಗ ಫಿಸಿಯೋಥೆರಪಿಗೆ ಕಮ್ಮಿ ಬೀಳ್ಲಿಲ್ಲ ಅಂತ ಬಂತು, ಅದೇ ವರ್ಷ ಅಮೆರಿಕದ ಒಂದು ವೈದ್ಯರ ಸಂಘ ಹಳೇ ಸೊಂಟನೋವಿಗೆ ಮಾತ್ರೆಗೆ ಮುಂಚೆ ಟ್ರೈ ಮಾಡೋ ಪಟ್ಟೀಲಿ ಯೋಗಾನೂ ಸೇರಿಸ್ತು, ಸರಿ. ಆದ್ರೆ 2011ರ 228 ಜನರ ಪ್ರಯೋಗದಲ್ಲಿ ಯೋಗದಷ್ಟೇ ಲಾಭ ಮಾಮೂಲಿ ಸ್ಟ್ರೆಚಿಂಗ್ ಕ್ಲಾಸಲ್ಲೂ ಸಿಕ್ಕಿತ್ತು, ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಪ್ರಕಾರ ಏನೂ ವ್ಯಾಯಾಮ ಮಾಡದವರಿಗೆ ಹೋಲಿಸಿದ್ರೆ ಸಿಗೋ ಅನುಕೂಲ ಸಣ್ಣದು. ಸಣ್ಣದು ಅಂತಾನೇ ಬರೆದು ಮಾರಿ ಸ್ವಾಮಿ, ನೋವಿರೋರು ಅದಕ್ಕೂ ಬರ್ತಾರೆ.

ಇನ್ನೊಂದು ಏಳನೇ ವಾರದ್ದು. ಮೇಡಂ ರಜಾ, ಬದಲಿಗೆ ಬಂದವರು ಶುರುವಲ್ಲಿ ನಮ್ಮ ಉತ್ತರ ಬರ್ಕೊಂಡಿದ್ದ ಯಾರ ಫಾರ್ಮೂ ನೋಡಿರ್ಲಿಲ್ಲ, ಎಲ್ಲರಿಗೂ ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋದು) ಹೇಳಿದ್ರು. ನಮ್ಮ ಬ್ಯಾಚಲ್ಲಿ ಮೂಳೆ ಸವೆತ ಇರೋ ಒಬ್ರು ಆಂಟಿ ಇದ್ದಾರೆ, ಅಂಥವರು ಬೆನ್ನು ಗುಂಡಗೆ ಮಾಡಿ ಪೂರ್ತಿ ಮುಂದಕ್ಕೆ ಬಗ್ಗಿದ್ರೆ ಬೆನ್ನುಮೂಳೆ ಜಜ್ಜಿ ಮುರಿಯೋ ಅಪಾಯ ಇರುತ್ತೆ. ಆಂಟಿ ನಂಗೆ ಬೇಡ ಅಂತ ಹೇಳಿದ್ದಾರೆ ಅಂದ್ರೂ ಟ್ರೈ ಮಾಡಿ ಅಮ್ಮ ಅಂದ್ರು ಆ ಪುಣ್ಯಾತ್ಮರು. ಆಂಟಿ ಜಾಣೆ, ಕ್ಯಾಮೆರಾ ಆಫ್ ಮಾಡಿ ಕೂತ್ರು. ನಾನು ಮೇಲ್ ಹಾಕಿದ್ದಕ್ಕೆ ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು ಅಂತ ರೆಡಿಮೇಡ್ ಉತ್ತರ ಬಂತು, ಅದಕ್ಕೇ ಒಂದು ಸ್ಟಾರ್ ಕಟ್. ಉಳಿದ ಅರ್ಧ ಕಟ್ ಮಾಡಿದ್ದು ವಾಟ್ಸಾಪ್ ಗ್ರೂಪಿಗೆ, ಅಲ್ಲಿ ಮಾತ್ರೆ ಎಲ್ಲ ಬಿಸಾಕಿ ಅನ್ನೋರನ್ನ ಕೇಳೋರೇ ಇಲ್ಲ. ನಾನು ಮಾತ್ರೆ ಕಮ್ಮಿ ಮಾಡಿದ್ದು ಡಾಕ್ಟರ್ ಹತ್ರ ಹೇಳಿ, ಅವರು ಹೇಳಿದಷ್ಟೇ.

ಹಂಗೇ ಕಾಲು ಹೊಸದಾಗಿ ಸೋಲ್ತಿದ್ರೆ, ತೊಡೆ ಸಂದಿ ಮರಗಟ್ಟಿದ್ರೆ, ಮೂತ್ರ ಮಲದ ಹಿಡಿತ ತಪ್ಪಿದ್ರೆ ಯಾವ ಕ್ಲಾಸೂ ಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬೆನ್ನುನೋವು ಅಥವಾ ಸುಮ್ಸುಮ್ನೆ ತೂಕ ಇಳೀತಿದ್ರೂ ಮೊದಲು ಡಾಕ್ಟರು.

ನನ್ನ ಲೆಕ್ಕ ಕೇಳಿದ್ರೆ, ಆರರಲ್ಲಿದ್ದ ನೋವು ಈಗ ನಾಲ್ಕು ಐದರ ಮಧ್ಯ ಓಡಾಡುತ್ತೆ. ನಂಬರ್ ನೋಡಿದ್ರೆ ಇಷ್ಟೇನಾ ಅನ್ಸುತ್ತೆ. ಆದ್ರೆ 20 ನಿಮಿಷಕ್ಕೆ ಎದ್ದು ನಿಲ್ತಿದ್ದೋನು ಈಗ 50 ನಿಮಿಷ ಕೂರ್ತೀನಿ, ರಾತ್ರಿ ಮಗ್ಗುಲು ಬದಲಾಯಿಸುವಾಗ ಎಚ್ಚರ ಆಗಲ್ಲ, ಮೇಜಿನ ಕೆಳಗೆ ಸೇರಿದ್ದ ಪೆನ್ನುಗಳನ್ನೆಲ್ಲ ಎತ್ತಿದೆ, ಒಂಬತ್ತು ಇದ್ವು.

ಮುಂದಿನ ಬ್ಯಾಚಿಗೆ ಹೆಸರು ಕೊಟ್ಟಿದ್ದೀನಿ. ಮೇಡಂ ರಜಾ ಹಾಕಿದ್ರೆ ಬದಲಿಗೆ ಬರೋರು ಯಾರು, ಅವರು ನಮ್ಮ ಫಾರ್ಮ್ ಓದಿರ್ತಾರಾ ಅಂತ ಕೇಳಿ ಮೆಸೇಜ್ ಹಾಕಿದ್ದೀನಿ, ಬ್ಲೂ ಟಿಕ್ ಬಿದ್ದು ನಾಲ್ಕು ದಿನ ಆಯ್ತು.