ಊರೊಳಗೆ ಕಾರು ಓಡಿಸುವ ಆಟಕ್ಕೆ ಯಾವ ಸ್ಟೀರಿಂಗ್ ಕೊಳ್ಳಬೇಕು?

ರೇಸಿನ ಆಟಕ್ಕೆ ಒಪ್ಪುವ ಸ್ಟೀರಿಂಗ್ ಊರೊಳಗಿನ ಡ್ರೈವಿಂಗ್‌ಗೂ ಒಪ್ಪಬೇಕೆಂದೇನಿಲ್ಲ. ಮನೆಯ ಕಾರಿನ ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಮೂರು ಸುತ್ತು ತಿರುಗುತ್ತದೆ. 180 ಅಥವಾ 270 ಡಿಗ್ರಿಯ ಅಗ್ಗದ ಚಕ್ರದಲ್ಲಿ ಯು-ಟರ್ನ್ ಹೊಡೆಯುವುದೂ ಲೇನ್ ಬದಲಿಸುವುದೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತದೆ. 900 ಡಿಗ್ರಿ, ಅಂದರೆ ಎರಡೂವರೆ ಸುತ್ತು, ಇಲ್ಲದ ಸ್ಟೀರಿಂಗನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಇನ್ನೆರಡು ಬೇಡಿಕೆ: ಮೂರು ಪೆಡಲ್, ಮತ್ತು ಎಚ್ ಮಾದರಿಯ (ಮನೆಯ ಕಾರಿನಂತೆ ಒಂದೊಂದು ಗೇರಿಗೂ ಒಂದೊಂದು ಮನೆ ಇರುವ) ಗೇರ್ ಲಿವರ್.

ಮೊದಲು ಆಟ ಯಾವುದೆಂದು ತೀರ್ಮಾನಿಸಿ. ರಸ್ತೆ ನಿಯಮ ಕಲಿಯುವುದೇ ಗುರಿಯಾದರೆ ಸಿಟಿ ಕಾರ್ ಡ್ರೈವಿಂಗ್ ಎಂಬ ಆಟಕ್ಕೆ ಸಾಟಿಯಿಲ್ಲ. ಗ್ರಾಫಿಕ್ಸ್ ಹಳೆಯದು, ಮುಖಗಳು ಗೊಂಬೆಯ ಹಾಗಿವೆ, ಸ್ಟೀರಿಂಗ್‌ಗೆ ಬರುವ ಫೋರ್ಸ್ ಫೀಡ್‌ಬ್ಯಾಕ್ (ರಸ್ತೆಯ ಎಳೆತವನ್ನು ಮೋಟಾರಿನಿಂದ ಕೈಗೆ ಮುಟ್ಟಿಸುವ ಬಲ) ಕೂಡ ಸಪ್ಪೆ. ಆದರೆ ಸೀಟ್ ಬೆಲ್ಟ್ ಹಾಕದೆ ಹೊರಟರೆ, ಇಂಡಿಕೇಟರ್ ಹಾಕದೆ ತಿರುಗಿದರೆ ತಪ್ಪನ್ನು ಎತ್ತಿ ತೋರಿಸುತ್ತದೆ. ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಎಂಜಿನ್ ಆಫ್. ವಾಹನ ದಟ್ಟಣೆ, ಮಳೆ, ಮಂಜು, ದಿಢೀರನೆ ಅಡ್ಡ ಬರುವ ಪಾದಚಾರಿ, ಎಲ್ಲವನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ನಮಗೆ ಮುಖ್ಯವಾದ ವಿಷಯ, ಎಡಬದಿಯ ಸಂಚಾರ ಇದರಲ್ಲಿದೆ. ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿ, ಬಲಗಡೆ ಸ್ಟೀರಿಂಗ್ ಇರುವ ಕಾರು ತೆಗೆದುಕೊಳ್ಳಿ. ಇಲ್ಲದಿದ್ದರೆ ಎಲ್‌ಎಲ್ ಮಾಡಿಸಿಕೊಂಡ ಹುಡುಗರು ರೌಂಡಾಣದಲ್ಲಿ ತಪ್ಪು ಕಡೆ ನೋಡುವ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಕಾರಿನ ಮೈಭಾರ ಅನುಭವಿಸಬೇಕು ಅನ್ನುವವರಿಗೆ ಬೀಮ್‌ಎನ್‌ಜಿ ಡ್ರೈವ್. ಜರ್ಮನಿಯ ಬ್ರೆಮೆನ್‌ನವರು ಮಾಡಿದ ಈ ಆಟದಲ್ಲಿ ತಗಡು ನಿಜಕ್ಕೂ ಮಡಚುತ್ತದೆ. ಅರ್ಧ ಕ್ಲಚ್‌ನಲ್ಲೇ ದಿಬ್ಬ ಹತ್ತಿಸುತ್ತಾ ಹೋದರೆ ಕ್ಲಚ್ ಪ್ಲೇಟ್ ಕಾದು ಜಾರತೊಡಗುತ್ತದೆ. ಗೇರ್‌ಬಾಕ್ಸ್ ಆಯ್ಕೆ ಆರ್ಕೇಡ್‌ನಲ್ಲಿದ್ದರೆ ರಿಯಲಿಸ್ಟಿಕ್‌ಗೆ ಬದಲಿಸಿ, ಇಲ್ಲವಾದರೆ ಮೂರನೇ ಪೆಡಲ್ ಇದ್ದೂ ಇಲ್ಲದಂತೆ. ಟ್ರಾಫಿಕ್ ಇದೆ, ಆದರೆ ಒಂದೊಂದು ವಾಹನದ ಭೌತಿಕ ಲೆಕ್ಕವೂ ಪ್ರೊಸೆಸರ್ ಮೇಲೆ ಬೀಳುತ್ತದೆ. ನಾಲ್ಕು ಕೋರಿನ ಹಳೆ ಕಂಪ್ಯೂಟರ್‌ನಲ್ಲಿ ಹತ್ತು ಕಾರು ಬಿಟ್ಟರೆ ಚಿತ್ರ ತಡವರಿಸುವುದು ಗ್ರಾಫಿಕ್ಸ್ ಕಾರ್ಡಿನ ತಪ್ಪಲ್ಲ. ರಸ್ತೆ ನಿಯಮ ಕಲಿಸಲೆಂದೇ ಮಾಡಿದ ಆಟ ಇದಲ್ಲ. ಇಟಲಿ, ವೆಸ್ಟ್ ಕೋಸ್ಟ್ ನಕ್ಷೆಗಳಲ್ಲಿ ಸಂಚಾರವೂ ಬಲಬದಿಯಲ್ಲಿ.

2012ರಲ್ಲಿ ಬಂದ ಯೂರೋ ಟ್ರಕ್ ಸಿಮ್ಯುಲೇಟರ್ 2 ಸಾಧಾರಣ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಬ್ರಿಟನ್ನಿನಿಂದ ಶುರುಮಾಡಿ ಬಲಗೈ ಸ್ಟೀರಿಂಗ್‌ನ ಕ್ಯಾಬಿನ್ ಹಾಕಿಸಿಕೊಂಡರೆ ನಮ್ಮ ರಸ್ತೆಯ ಕ್ರಮವೇ ಸಿಗುತ್ತದೆ. ಸಿಗ್ನಲ್ ಹಾರಿದರೆ ದಂಡವೂ ಬೀಳುತ್ತದೆ. ತೊಡಕು ಗೇರಿನದು: ಲಾರಿಗೆ ಹನ್ನೆರಡು ಗೇರ್, ಕೈಯಲ್ಲಿರುವ ಲಿವರ್‌ಗೆ ಆರೇ ಮನೆ. ಕೆಳಗಿನ ಆರು ಗೇರಿನಿಂದ ಮೇಲಿನ ಆರಕ್ಕೆ ಹೋಗಲು, ಅಂದರೆ ರೇಂಜ್ ಬದಲಿಸಲು, ಒಂದು ಬಟನ್ ಕೊಟ್ಟುಕೊಳ್ಳಬೇಕು. ಫೋರ್ಜಾ ಹೊರೈಜನ್ ಚೆಂದದ ಆಟವೇ, ಆದರೆ ಅದು ರೇಸಿನದು, ಈ ಸಾಲಿಗೆ ಸೇರುವುದಿಲ್ಲ.

ಇನ್ನು ಸ್ಟೀರಿಂಗ್. ಲಾಜಿಟೆಕ್ ಜಿ29 ಈಗಲೂ ನಮ್ಮ ಮೊದಲ ಶಿಫಾರಸು. 900 ಡಿಗ್ರಿ, ಮೂರು ಪೆಡಲ್ ಪೆಟ್ಟಿಗೆಯಲ್ಲೇ ಬರುತ್ತವೆ. ಒಳಗೆ ಗೇರ್ ಹಲ್ಲುಗಳಿರುವುದರಿಂದ ಆಟದ ರಸ್ತೆಯ ಗುಂಡಿ ಹತ್ತಿಳಿಯುವಾಗ ಕಟಕಟ ಸದ್ದು ಸಹಜ, ಕೆಟ್ಟಿದೆ ಎಂದುಕೊಳ್ಳಬೇಡಿ. ಬ್ರೇಕ್ ಪೆಡಲ್ ಒಳಗೆ ರಬ್ಬರ್ ಉಂಡೆ ಇರುವುದರಿಂದ ಗಟ್ಟಿ. ಕ್ಲಚ್ ಮಾತ್ರ ಬರೀ ಸ್ಪ್ರಿಂಗ್, ಕ್ಲಚ್ ಹಿಡಿಯುವ ಜಾಗ ಕಾಲಿಗೆ ಗೊತ್ತಾಗುವುದಿಲ್ಲ, ಎಂಜಿನ್ ಸದ್ದು ಕೇಳಿಯೇ ಅಂದಾಜು ಮಾಡಬೇಕು. ಎಕ್ಸ್‌ಬಾಕ್ಸ್ ಇರುವವರಿಗೆ ಜಿ920. ಜಿ29 ಅದರಲ್ಲಿ ನಡೆಯದು. ಗೇರ್ ಲಿವರ್ ಬೇರೆ ಕೊಳ್ಳಬೇಕು. ಅದು ಯುಎಸ್‌ಬಿಗೆ ಅಲ್ಲ, ಸ್ಟೀರಿಂಗ್‌ನ ಹಿಂಭಾಗಕ್ಕೆ ಸಿಕ್ಕಿಸುವಂಥದ್ದು. ರಿವರ್ಸ್‌ಗೆ ಲಿವರನ್ನು ಕೆಳಗೊತ್ತಿ ಆರನೇ ಗೇರಿನ ಜಾಗಕ್ಕೆ ಎಳೆಯಬೇಕು. ಮೇಜಿನ ಎಡಗಡೆಗೇ ಬಿಗಿಯಿರಿ. ಅಂಗಡಿಯ ಫೋಟೋಗಳಲ್ಲಿ ಬಲಗಡೆ ಇರುವುದು ಅವರ ದೇಶದ ಕಾರಿಗೆ ಸರಿ.

ದುಡ್ಡು ಸಾಲದಿದ್ದರೆ ಪಿಎಕ್ಸ್‌ಎನ್ ವಿ9: 900 ಡಿಗ್ರಿ, ಮೂರು ಪೆಡಲ್, ಗೇರ್ ಲಿವರ್, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಫೋರ್ಸ್ ಫೀಡ್‌ಬ್ಯಾಕ್ ಇಲ್ಲ, ಬರೀ ನಡುಕ. ನಿಂತ ಕಾರಿನಲ್ಲೂ ಚಕ್ರ ತಾನೇ ಮಧ್ಯಕ್ಕೆ ಎಳೆಯುತ್ತದೆ, ಹಾಗಾಗಿ ಪಾರ್ಕಿಂಗ್ ಅಭ್ಯಾಸ ಕೃತಕವೆನಿಸುತ್ತದೆ. ಕ್ಲಚ್-ಗೇರು ಕೈಕಾಲಿಗೆ ಕೂರಿಸಿಕೊಳ್ಳಲು ಅಡ್ಡಿಯಿಲ್ಲ. ಅತ್ತ ಮೋಜಾ ಆರ್5 ಎಂಬ ಡೈರೆಕ್ಟ್ ಡ್ರೈವ್ ಸ್ಟೀರಿಂಗ್ (ನಡುವೆ ಗೇರ್ ಹಲ್ಲಿಲ್ಲದೆ ಮೋಟಾರಿಗೇ ಚಕ್ರ ಕೂರಿಸಿದ್ದು) 5.5 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ, ಜಿ29ರ ಎರಡು ಪಟ್ಟಿಗೂ ಹೆಚ್ಚು. ಆದರೆ ಅದರ ಬಂಡಲ್‌ನಲ್ಲಿ ಎರಡೇ ಪೆಡಲ್. ಪವರ್ ಸ್ಟೀರಿಂಗ್ ಕಾರನ್ನು ನಲವತ್ತರ ವೇಗದಲ್ಲಿ ಓಡಿಸಲು ಇಷ್ಟು ಬಲ ಯಾಕೆ? ಆ ಹಣವನ್ನು ಗೇರ್ ಲಿವರ್‌ಗೂ ದೊಡ್ಡ ಮಾನಿಟರ್‌ಗೂ ಹಾಕುವುದು ಲೇಸು.

ಜೋಡಿಸುವಾಗ ಕರೆಂಟಿನ ಅಡಾಪ್ಟರ್ ಮರೆಯಬೇಡಿ. ಬರೀ ಯುಎಸ್‌ಬಿ ಹಾಕಿದರೆ ಜಿ29 ಸತ್ತಂತಿರುತ್ತದೆ. ಕರೆಂಟು ಬಂದಾಗ ಅದು ತಾನೇ ಎರಡೂ ಕಡೆ ತಿರುಗಿ ಮಧ್ಯ ಹುಡುಕಿಕೊಳ್ಳುತ್ತದೆ, ಆಗ ಕೈ ಇಡಬಾರದು. ಲಾಜಿಟೆಕ್‌ನ ಸಾಫ್ಟ್‌ವೇರ್ ಜಿ ಹಬ್‌ನಲ್ಲಿ 900 ಡಿಗ್ರಿ ಇಡಿ, ಆಟದಲ್ಲೂ 900. ಎರಡೂ ಬೇರೆ ಇದ್ದರೆ ತೆರೆಯ ಮೇಲಿನ ಚಕ್ರ ಕೈಯ ಚಕ್ರಕ್ಕೆ ಹೊಂದುವುದಿಲ್ಲ. ಸೆಟ್ಟಿಂಗ್‌ನಲ್ಲಿ ಬ್ರೇಕ್ ಒತ್ತಿದರೂ ಆಕ್ಸಿಲರೇಟರ್ ಗೆರೆಯೇ ಅಲ್ಲಾಡಿದರೆ ಪೆಡಲ್‌ಗಳು ಒಂದೇ ಆಕ್ಸಿಸ್‌ಗೆ (ಒತ್ತಿದ ಅಳತೆಯನ್ನು ಆಟಕ್ಕೆ ತಿಳಿಸುವ ಸಾಲಿಗೆ) ಕೂಡಿಕೊಂಡಿವೆ, ಬೇರ್ಪಡಿಸಿ. ಗೇರ್ ಲಿವರ್ ಬಂದ ಮೇಲೆ ಸ್ಟೀರಿಂಗ್ ಹಿಂದಿನ ಎರಡು ಪ್ಯಾಡಲ್‌ಗಳು (ಬೆರಳಿನಿಂದ ಗೇರ್ ಬದಲಿಸುವ ಪಟ್ಟಿಗಳು) ಖಾಲಿ. ಅವನ್ನು ಎಡ-ಬಲ ಇಂಡಿಕೇಟರ್‌ಗೆ ಕೊಡಿ. ಸ್ಟೀರಿಂಗ್ ಮೇಲಿನ ಡಿ-ಪ್ಯಾಡ್‌ಗೆ (ನಾಲ್ಕು ದಿಕ್ಕಿನ ಬಟನ್) ಎಡ-ಬಲ ನೋಟ ಕೊಡಿ, ಇಲ್ಲವಾದರೆ ಒಂದೇ ಮಾನಿಟರ್‌ನಲ್ಲಿ ಅಡ್ಡರಸ್ತೆ ಕಾಣುವುದಿಲ್ಲ. ಗ್ರಾನೈಟ್ ನೆಲದಲ್ಲಿ ಪೆಡಲ್ ಜಾರುವುದು ಖಚಿತ: ಗೋಡೆಗೆ ಒತ್ತಿ ಇಡಿ, ಕುರ್ಚಿಗೆ ಚಕ್ರವಿದ್ದರೆ ಅದನ್ನೂ ಕಟ್ಟಿಹಾಕಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನಲ್ಲೋ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಲ್ಯಾಪ್‌ಟಾಪ್ ಜೊತೆಗೊಯ್ಯಿರಿ. ವಿಂಡೋಸ್ ರನ್‌ನಲ್ಲಿ ಜಾಯ್ ಡಾಟ್ ಸಿಪಿಎಲ್ ತೆರೆದು ಪ್ರಾಪರ್ಟೀಸ್‌ಗೆ ಹೋಗಿ ಒಂದೊಂದೇ ಪೆಡಲನ್ನು ಮೆಲ್ಲಗೆ ಒತ್ತಿ. ಗೆರೆ ನಯವಾಗಿ ಏರಬೇಕು. ಕಾಲು ತೆಗೆದ ಮೇಲೂ ಕುಣಿಯುತ್ತಿದ್ದರೆ ಒಳಗಿನ ಪೊಟೆನ್ಷಿಯೋಮೀಟರ್‌ಗೆ (ಎಷ್ಟು ಒತ್ತಿದ್ದೀರೆಂದು ಅಳೆಯುವ ಬಿಡಿಭಾಗ) ದೂಳು ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಬಹುಪಾಲು ಸರಿಹೋಗುತ್ತದೆ, ಅದನ್ನೇ ತೋರಿಸಿ ಬೆಲೆ ಇಳಿಸಿ. ಮೂರನೇ ಗೇರ್ ಹಾಕಿದಾಗ ಐದು ಎಂದು ಓದುವ ಲಿವರ್‌ದೂ ಅದೇ ರೋಗ. ಚಕ್ರ ತಾನಾಗಿ ತಿರುಗಿ ಮಧ್ಯಕ್ಕೆ ಬಾರದಿದ್ದರೆ, ಅಥವಾ ತಿರುಗುವಾಗ ಒಂದೇ ಜಾಗದಲ್ಲಿ ಪದೇ ಪದೇ ತಡೆದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.