ದಾಳವಿಲ್ಲದ ಯುದ್ಧ: ‘ಡಿಪ್ಲೊಮಸಿ’ ಬೋರ್ಡ್ ಆಟದ ವಿಮರ್ಶೆ

ಯುದ್ಧದ ಆಟ ಎಂದೊಡನೆ ದಾಳ ನೆನಪಾಗುತ್ತದೆ. ಡಿಪ್ಲೊಮಸಿಯಲ್ಲಿ ದಾಳವೂ ಇಲ್ಲ, ಕಾರ್ಡುಗಳೂ ಇಲ್ಲ. ಯಾರಿಗೆ ಯಾವ ದೇಶ ಎಂದು ಮೊದಲಿಗೆ ಚೀಟಿ ಎತ್ತಿದ ಮೇಲೆ ಅದೃಷ್ಟದ ಕೆಲಸ ಅಲ್ಲಿಗೇ ಮುಗಿಯಿತು. ಅಲನ್ ಕ್ಯಾಲ್‌ಹ್ಯಾಮರ್ 1954ರಲ್ಲಿ ರೂಪಿಸಿ, 1959ರಲ್ಲಿ ತಾವೇ 500 ಪ್ರತಿ ಮಾಡಿಸಿ ಮಾರಿದ ಆಟ ಇದು. ಪರಸ್ಪರ ದ್ವೇಷವೇ ಇಲ್ಲದ ಎರಡು ದೇಶಗಳು ಕೂಡ ಯುದ್ಧಕ್ಕೆ ಇಳಿಯುವುದು ಏಕೆ ಎಂಬುದನ್ನು ಒಂದೇ ಸಂಜೆಯಲ್ಲಿ ತೋರಿಸಿಕೊಡುವ ಸಾಧನ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಹಾಗೆಂದು ಇದನ್ನೇ ಇತಿಹಾಸ ಎಂದು ನಂಬಿದರೆ ದಾರಿ ತಪ್ಪುತ್ತೇವೆ. ಎರಡೂ ಮಾತಿಗೆ ಕಾರಣ ನಕ್ಷೆಯಲ್ಲೇ ಇದೆ.

ಆಟ ಶುರುವಾಗುವುದು 1901ರ ವಸಂತದಲ್ಲಿ. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ-ಹಂಗೇರಿ, ರಷ್ಯಾ, ಟರ್ಕಿ ಎಂಬ ಏಳು ಶಕ್ತಿಗಳು. ರಷ್ಯಾಕ್ಕೆ ನಾಲ್ಕು ತುಕಡಿ, ಉಳಿದವರಿಗೆ ತಲಾ ಮೂರು. ನಕ್ಷೆಯಲ್ಲಿ ಒಟ್ಟು 34 ಸಪ್ಲೈ ಸೆಂಟರ್‌ಗಳು, ಅಂದರೆ ಸೇನೆಯನ್ನು ಪೋಷಿಸುವ ಜಾಗಗಳು, ಇವೆ: 22 ಈ ಏಳು ದೇಶಗಳ ಸ್ವಂತದ್ದು, 12 ಬೆಲ್ಜಿಯಂ, ಸರ್ಬಿಯಾ, ನಾರ್ವೆಯಂಥ ತಟಸ್ಥ ನೆಲದ್ದು. ಕೈಯಲ್ಲಿ ಎಷ್ಟು ಸೆಂಟರೋ ಅಷ್ಟೇ ಸೇನೆ, ನೌಕೆ. 18 ಹಿಡಿದವರು ಗೆದ್ದಂತೆ.

ವರ್ಷಕ್ಕೆ ಎರಡು ನಡೆ, ವಸಂತದಲ್ಲೊಂದು, ಶರತ್ಕಾಲದಲ್ಲೊಂದು. ಪ್ರತಿ ನಡೆಗೂ ಮುಂಚೆ ಮಾತುಕತೆ. ಮೊದಲ ಸಲ ಅರ್ಧ ಗಂಟೆ, ಆಮೇಲೆ ಹದಿನೈದು ನಿಮಿಷ ಸಾಕು. ಯಾರು ಯಾರೊಡನೆ ಬೇಕಾದರೂ ಗುಟ್ಟಾಗಿ ಮಾತಾಡಬಹುದು, ಏನು ಬೇಕಾದರೂ ಒಪ್ಪಿಕೊಳ್ಳಬಹುದು. ಆದರೆ ಕೊಟ್ಟ ಮಾತಿಗೆ ನಿಯಮದ ರಕ್ಷಣೆ ಇಲ್ಲ. ಮಾತು ಮುಗಿದ ಮೇಲೆ ಎಲ್ಲರೂ ಆದೇಶ ಬರೆದಿಡಬೇಕು, ಒಟ್ಟಿಗೇ ತೆರೆದು ಓದಬೇಕು. ಆಟದ ಪ್ರಾಣ ಇರುವುದು ಈ ಒಂದು ವ್ಯವಸ್ಥೆಯಲ್ಲಿ. ಎದುರಿನವನು ನಿಜ ಹೇಳುತ್ತಿದ್ದಾನೆಯೇ ಎಂದು ತಿಳಿಯುವ ಹೊತ್ತಿಗೆ ನಮ್ಮ ಆದೇಶ ಬದಲಿಸುವ ಕಾಲ ಮೀರಿರುತ್ತದೆ.

ಹೊಸಬರು ಎಡವುವುದು ‘ಸಪೋರ್ಟ್’ ನಿಯಮದಲ್ಲಿ. ಎಲ್ಲ ತುಕಡಿಗಳ ಬಲವೂ ಒಂದೇ. ಆದ್ದರಿಂದ ಒಬ್ಬನೇ ಒಬ್ಬನನ್ನು ಕದಲಿಸಲಾರ, ಇನ್ನೊಂದು ತುಕಡಿಯ ಬೆಂಬಲ ಬೇಕೇ ಬೇಕು. ಜರ್ಮನಿಯ ಮ್ಯೂನಿಕ್ ಸೇನೆ, ರೂರ್ ಸೇನೆಯ ಬೆಂಬಲ ಪಡೆದು, ಬರ್ಗಂಡಿಯಲ್ಲಿರುವ ಫ್ರೆಂಚ್ ಸೇನೆಯ ಮೇಲೆ ಬೀಳುತ್ತದೆ ಎನ್ನಿ. ಎರಡಕ್ಕೆ ಒಂದು, ಬರ್ಗಂಡಿ ಹೋಯಿತು. ಅದೇ ಹೊತ್ತಿಗೆ ಬೆಲ್ಜಿಯಂನಲ್ಲಿರುವ ಫ್ರೆಂಚ್ ಸೇನೆ ರೂರ್ ಮೇಲೆ ನುಗ್ಗಿದರೆ, ಗೆಲ್ಲದಿದ್ದರೂ ಬೆಂಬಲ ಕಡಿದುಬೀಳುತ್ತದೆ. ಒಂದಕ್ಕೆ ಒಂದು, ಬರ್ಗಂಡಿ ಉಳಿಯುತ್ತದೆ. ಆದರೆ ರೂರ್ ಮೇಲೆ ನುಗ್ಗಿದ್ದು ಬರ್ಗಂಡಿಯ ಸೇನೆಯೇ ಆದರೆ ಬೆಂಬಲ ಕಡಿಯುವುದಿಲ್ಲ. ಏಟು ತಿನ್ನುತ್ತಿರುವವನು ತನ್ನ ಮೇಲಿನ ಬೆಂಬಲವನ್ನು ಬರಿ ಮುನ್ನುಗ್ಗಿ ತಪ್ಪಿಸಲಾರ, ಪಕ್ಕದಿಂದ ಇನ್ನೊಬ್ಬ ಬರಬೇಕು. ಈ ವಾಕ್ಯ ಅರ್ಥವಾದ ದಿನ ಆಟ ಅರ್ಥವಾದಂತೆ. ಮೊದಲ ಸುತ್ತಿಗೆ ಮುಂಚೆ ಇದನ್ನು ನಾಲ್ಕು ತುಕಡಿ ಇಟ್ಟು ಮಾಡಿ ತೋರಿಸಿ, ಓದಿ ಹೇಳಿದರೆ ತಲೆಗೆ ಹತ್ತುವುದಿಲ್ಲ.

ಇನ್ನೂ ಕೆಲವು ತಪ್ಪುಗಳು ಪದೇ ಪದೇ ಆಗುತ್ತವೆ. ಸೆಂಟರ್ ಕೈಬದಲಾಗುವುದು ಶರತ್ಕಾಲದ ನಡೆಯ ನಂತರ ಮಾತ್ರ. ವಸಂತದಲ್ಲಿ ಹೊಕ್ಕು ಶರತ್ಕಾಲದಲ್ಲಿ ಹೊರಟುಬಿಟ್ಟರೆ ದಕ್ಕುವುದು ಶೂನ್ಯ. ಹೊಸ ತುಕಡಿ ಕಟ್ಟಬೇಕಾದ್ದು ತವರು ಸೆಂಟರ್‌ನಲ್ಲಿ, ಅದೂ ಖಾಲಿ ಇದ್ದರೆ. ಸ್ಪೇನ್, ಬಲ್ಗೇರಿಯಾ, ಸೇಂಟ್ ಪೀಟರ್ಸ್‌ಬರ್ಗ್ ಮೂರಕ್ಕೂ ಎರಡೆರಡು ಕರಾವಳಿ. ಅಟ್ಲಾಂಟಿಕ್‌ನಿಂದ ನೌಕೆ ಸ್ಪೇನ್‌ಗೆ ಹೊರಟಾಗ ಉತ್ತರವೋ ದಕ್ಷಿಣವೋ ಬರೆಯದಿದ್ದರೆ ಆದೇಶ ಕೆಡುತ್ತದೆ, ನೌಕೆ ಇದ್ದಲ್ಲೇ ನಿಲ್ಲುತ್ತದೆ.

ಇತಿಹಾಸ ಬಲ್ಲವರಿಗೆ ರೋಮಾಂಚನ ಆಗುವುದು ಟ್ರಿಯೆಸ್ಟ್ ಮತ್ತು ವೆನಿಸ್ ನೋಡಿದಾಗ. ಎರಡು ಬೇರೆ ದೇಶಗಳ ತವರು ಸೆಂಟರ್‌ಗಳು ನೇರವಾಗಿ ಒಂದಕ್ಕೊಂದು ತಾಗಿರುವುದು ಇಡೀ ನಕ್ಷೆಯಲ್ಲಿ ಇಲ್ಲಿ ಮಾತ್ರ. ಆಸ್ಟ್ರಿಯಾಕ್ಕೆ ಇರುವುದು ಎರಡು ಸೇನೆ, ಒಂದು ನೌಕೆ. ಪೂರ್ವದಲ್ಲಿ ರಷ್ಯಾ ಗಲೀಷಿಯಾಕ್ಕೆ ಬಂದರೆ ವಿಯೆನ್ನಾ, ಬುಡಾಪೆಸ್ಟ್ ಎರಡಕ್ಕೂ ಕುತ್ತು. ಪಶ್ಚಿಮದಲ್ಲಿ ಇಟಲಿ ಒಂದೇ ಹೆಜ್ಜೆಗೆ ಟ್ರಿಯೆಸ್ಟ್ ಹೊಗಬಲ್ಲದು. ಎಲ್ಲ ಗಡಿಯನ್ನೂ ಕಾಯುವುದು ಆಗದ ಮಾತು, ಯಾರನ್ನಾದರೂ ನಂಬಲೇಬೇಕು. ವಾಸ್ತವದಲ್ಲಿ ಆದದ್ದೂ ಇದೇ. 1882ರಿಂದ ಜರ್ಮನಿ, ಆಸ್ಟ್ರಿಯಾಗಳ ಮಿತ್ರನಾಗಿದ್ದ ಇಟಲಿ 1914ರಲ್ಲಿ ತಟಸ್ಥವಾಗಿ ನಿಂತಿತು. 1915ರ ಏಪ್ರಿಲ್ 26ರಂದು ಲಂಡನ್‌ನಲ್ಲಿ ಎದುರಾಳಿ ಬಣದೊಡನೆ ಗುಟ್ಟಿನ ಒಪ್ಪಂದಕ್ಕೆ ಸಹಿ ಹಾಕಿ, ಮೇ 23ರಂದು ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ಆಶ್ವಾಸನೆ ಸಿಕ್ಕಿದ್ದ ನೆಲದ ಪಟ್ಟಿಯಲ್ಲಿ ಟ್ರಿಯೆಸ್ಟ್ ಕೂಡ ಇತ್ತು. ಯುದ್ಧ ಮುಗಿದಾಗ ಆಸ್ಟ್ರಿಯಾ-ಹಂಗೇರಿ ಎಂಬ ರಾಜ್ಯವೇ ಉಳಿಯಲಿಲ್ಲ.

ಸ್ವೀಡನ್‌ನದ್ದು ಇನ್ನೂ ಸೂಕ್ಷ್ಮ. 1901ರ ವಸಂತದಲ್ಲಿ ರಷ್ಯಾದ ನೌಕೆ ಬೋತ್ನಿಯಾ ಕೊಲ್ಲಿಗೆ, ಜರ್ಮನಿಯ ನೌಕೆ ಡೆನ್ಮಾರ್ಕ್‌ಗೆ. ಶರತ್ಕಾಲದಲ್ಲಿ ರಷ್ಯಾ ಸ್ವೀಡನ್‌ಗೆ ಹೊರಟಾಗ ಜರ್ಮನಿಯೂ ಅಲ್ಲಿಗೇ ಆದೇಶ ಬರೆದರೆ ಇಬ್ಬರೂ ಡಿಕ್ಕಿ ಹೊಡೆದು ಇದ್ದಲ್ಲೇ ಉಳಿಯುತ್ತಾರೆ. ರಷ್ಯಾಕ್ಕೆ ಒಂದು ಸೆಂಟರ್ ತಪ್ಪುತ್ತದೆ, ಜರ್ಮನಿಗೆ ಡೆನ್ಮಾರ್ಕ್ ಹೇಗೂ ದಕ್ಕುತ್ತದೆ. ಖರ್ಚಿಲ್ಲದೆ ಇನ್ನೊಬ್ಬನ ದಾರಿ ತಡೆಯುವ ಶಕ್ತಿ ಇದು. ಅದಕ್ಕೇ ಮೊದಲ ವರ್ಷ ರಷ್ಯಾ ಜರ್ಮನಿಯ ಮನಸ್ಸು ಕಾಯಬೇಕು. ಜಾಣ ಜರ್ಮನಿ ತಡೆಯುತ್ತೇನೆ, ಇಲ್ಲ ಎಂದು ಏನನ್ನೂ ಹೇಳದೆ ಶರತ್ಕಾಲದವರೆಗೂ ಬೆಲೆ ಏರಿಸುತ್ತಾ ಹೋಗುತ್ತದೆ.

ಕಪ್ಪು ಸಮುದ್ರವೂ ಅಷ್ಟೇ. ಅಲ್ಲಿಗೆ ಇಬ್ಬರೂ ನೌಕೆ ಕಳಿಸುವುದಿಲ್ಲ ಎಂದು ರಷ್ಯಾ, ಟರ್ಕಿ ಒಪ್ಪಿಕೊಳ್ಳುವುದು ಆಟದಲ್ಲಿ ವಾಡಿಕೆ. ಕ್ರಿಮಿಯಾ ಯುದ್ಧದ ನಂತರ 1856ರ ಪ್ಯಾರಿಸ್ ಒಪ್ಪಂದ ಕೂಡ ಆ ಸಮುದ್ರವನ್ನು ಯುದ್ಧನೌಕೆಗಳಿಂದ ಮುಕ್ತ ಎಂದು ಸಾರಿತ್ತು. 1870ರಲ್ಲಿ, ಫ್ರಾನ್ಸ್ ಯುದ್ಧದಲ್ಲಿ ಸೋಲುತ್ತಿದ್ದ ಹೊತ್ತು ನೋಡಿಕೊಂಡು, ರಷ್ಯಾ ಅದನ್ನು ಕೈಬಿಟ್ಟಿತು. ಆಟದಲ್ಲೂ ಮಾತು ಮುರಿಯುವುದು ಅಂಥ ಸಮಯದಲ್ಲೇ, ಕಾವಲಿಗಿದ್ದವರು ಬೇರೆಡೆ ಸಿಕ್ಕಿಬಿದ್ದಾಗ.

ಇನ್ನು ಕೊರತೆಗಳು. 1901ರ ನಕ್ಷೆ ಎಂದು ಹೇಳಿಕೊಂಡರೂ ಇದು 1901ರ ನಕ್ಷೆ ಅಲ್ಲ. ಟ್ಯುನೀಷಿಯಾ 1881ರಿಂದಲೇ ಫ್ರಾನ್ಸಿನ ಅಧೀನ, ಇಲ್ಲಿ ಅದು ಯಾರದ್ದೂ ಅಲ್ಲದ ನೆಲ. ನಾರ್ವೆ 1905ರವರೆಗೆ ಸ್ವೀಡನ್ ರಾಜನ ಕೆಳಗೇ ಇತ್ತು. ಬಲ್ಗೇರಿಯಾ ಪೂರ್ಣ ಸ್ವಾತಂತ್ರ್ಯ ಸಾರಿದ್ದು 1908ರಲ್ಲಿ, ಅಲ್ಬೇನಿಯಾ 1912ರಲ್ಲಿ. ಆಟದ ಸಮತೋಲನಕ್ಕಾಗಿ ಮಾಡಿದ ಬದಲಾವಣೆ ಎನ್ನಬಹುದು, ಆದರೆ ತರಗತಿಯಲ್ಲಿ ಬಳಸುವವರು ಇದನ್ನು ಮೊದಲೇ ಹೇಳಿಬಿಡಬೇಕು.

ನಿಜಕ್ಕೂ ನೋಯಿಸುವುದು ಇನ್ನೊಂದು. ಇಲ್ಲಿ ಸಣ್ಣ ದೇಶಗಳಿಗೆ ಸೇನೆಯೇ ಇಲ್ಲ. ಬೆಲ್ಜಿಯಂ, ಸರ್ಬಿಯಾ ಎಂದರೆ ಹೆಜ್ಜೆ ಇಟ್ಟರೆ ಸಿಗುವ ಬಹುಮಾನ. 1914ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಲಿಯೇಜ್ ಕೋಟೆಗಳು 16ನೇ ತಾರೀಖಿನವರೆಗೂ ಜರ್ಮನರನ್ನು ಕಾಡಿದವು. ಅದೇ ತಿಂಗಳು ಸರ್ಬಿಯಾ ಸೆರ್ ಬೆಟ್ಟದಲ್ಲಿ ಆಸ್ಟ್ರಿಯಾವನ್ನು ಹಿಮ್ಮೆಟ್ಟಿಸಿತು. 1915ರ ಚಳಿಗಾಲದಲ್ಲಿ ದೇಶವನ್ನೇ ಕಳೆದುಕೊಂಡ ಸರ್ಬಿಯಾದ ಸೇನೆ ಅಲ್ಬೇನಿಯಾದ ಬೆಟ್ಟ ದಾಟಿ ಕಾರ್ಫು ದ್ವೀಪ ಸೇರಿ, ಮತ್ತೆ ಯುದ್ಧಕ್ಕೆ ಬಂತು. ಈ ಆಟದ ಲೆಕ್ಕದಲ್ಲಿ ಇದು ಯಾವುದೂ ಸಾಧ್ಯವಿಲ್ಲ. ಹಣ, ಬೆಳೆ, ರೈಲು, ದಣಿದ ಪ್ರಜೆ, ದಂಗೆ ಯಾವುದೂ ಇಲ್ಲ. ರಷ್ಯಾ ಒಳಗಿನಿಂದ ಕುಸಿದ 1917 ಈ ಹಲಗೆಯ ಮೇಲೆ ಎಂದೂ ಬರುವುದಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಆವೃತ್ತಿಯಿಂದ ಆವೃತ್ತಿಗೆ ತುಕಡಿಗಳು ಬದಲಾಗುತ್ತವೆ. ಮರದ್ದೋ ಲೋಹದ್ದೋ ಸಿಕ್ಕರೆ ಒಳ್ಳೆಯದು, ರಟ್ಟಿನವು ಕೈ ತಗುಲಿದರೆ ಜರುಗುತ್ತವೆ. ಆರೇ ಜನ ಇದ್ದರೆ ಇಟಲಿಯನ್ನು ಬಿಡಿ ಎನ್ನುತ್ತದೆ ನಿಯಮ; ಅದರ ತುಕಡಿಗಳು ಸುಮ್ಮನೆ ನಿಂತಲ್ಲೇ ಕಾಯುತ್ತವೆ. ಆಡಬಹುದು, ಆದರೆ ಆಸ್ಟ್ರಿಯಾದ ಬೆನ್ನಿಗಿದ್ದ ಭಯವೇ ಹೋಗಿ ಆಟ ಸಪ್ಪೆಯಾಗುತ್ತದೆ. ಏಳು ಜನ ಮತ್ತು ಇಡೀ ಒಂದು ಮಧ್ಯಾಹ್ನ ಇದ್ದರೆ ಮಾತ್ರ ತೆಗೆಯಿರಿ. ಆಟದ 1908ನೇ ವರ್ಷಕ್ಕೆ ನಿಲ್ಲಿಸೋಣ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದೂ ವಾಸಿ. ಇಲ್ಲದಿದ್ದರೆ 17 ಸೆಂಟರ್ ಹಿಡಿದವನ ಎದುರು ಉಳಿದವರು ಸ್ವಿಟ್ಜರ್ಲೆಂಡಿನ ಎರಡೂ ಬದಿಗೆ ಸಾಲುಕಟ್ಟಿ, ಒಬ್ಬರಿಗೊಬ್ಬರು ಬೆಂಬಲ ಬರೆದುಕೊಂಡು ನಿಂತುಬಿಡುತ್ತಾರೆ. ಆ ಸಾಲು ಒಡೆಯುವ ಆದೇಶವೇ ಇಲ್ಲ. ಆಗ 17 ಹಿಡಿದವನೂ ಸೇರಿ ಆಟದಲ್ಲಿ ಇನ್ನೂ ಇರುವವರೆಲ್ಲ ಒಪ್ಪಿ ಡ್ರಾ ಎಂದು ಬರೆಯಬೇಕು, ಗೆಲುವನ್ನು ಸಮನಾಗಿ ಹಂಚಿಕೊಳ್ಳಬೇಕು.