ನಗುವುದಕ್ಕೆ ಕೇಬಲ್, ಅಳುವುದಕ್ಕೆ ಆ್ಯಪ್: ಗಡಿ ತಾಲ್ಲೂಕಿನ ಸೀರಿಯಲ್ ಮನೆಗಳಿಗೆ ಯಾವುದು ಸರಿ?

ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಆ ಕಡೆ ಪಾವಗಡ. ಇಲ್ಲಿನ ಎಷ್ಟೋ ಮನೆಗಳಲ್ಲಿ ಸಂಜೆಯಾದರೆ ಕನ್ನಡ ಸೀರಿಯಲ್ಲೂ ಬೇಕು, ತೆಲುಗು ಸೀರಿಯಲ್ಲೂ ಬೇಕು. ಕೇಬಲ್, ಡಿಟಿಎಚ್, ಆ್ಯಪ್ ಮೂರನ್ನೂ ಈ ಅಗತ್ಯಕ್ಕೆ ಹಚ್ಚಿ ನೋಡಿದರೆ ಯಾವುದೊಂದೂ ಪೂರ್ತಿ ಸಾಲುವುದಿಲ್ಲ. ದಿನಾ ಬರುವ ಮನೆಜಗಳದ ಕಥೆಗೆ ಆ್ಯಪ್ ಒಳ್ಳೆಯದು. ಕಾಮಿಡಿಗೆ ಕೇಬಲ್ಲೇ ಸರಿ.

ಮೊದಲು ದಿನದ ಸೀರಿಯಲ್. ಗಂಟೆಗೆ 12 ನಿಮಿಷ ಜಾಹೀರಾತು ಎಂಬ ಮಿತಿಯೊಳಗೇ ಇದ್ದರೂ ಅರ್ಧ ಗಂಟೆಯಲ್ಲಿ ಉಳಿಯುವುದು 24 ನಿಮಿಷ. ಅದರಲ್ಲಿ ನಿನ್ನೆಯ ಕಥೆಗೆ ಒಂದಷ್ಟು, ಟೈಟಲ್ ಹಾಡಿಗೆ ಒಂದಷ್ಟು. ಆಮೇಲೆ ಅತ್ತೆ ಒಂದು ಮಾತಾಡಿದರೆ ಪಡಸಾಲೆಯಲ್ಲಿ ನಿಂತ ಏಳು ಜನರ ಮುಖವನ್ನೂ ಕ್ಯಾಮೆರಾ ಸುತ್ತಿ ಬರುತ್ತದೆ. ಆ್ಯಪ್‌ನಲ್ಲಿ 10 ಸೆಕೆಂಡ್ ಮುಂದೆ ಹಾರಿಸುವ ಬಟನ್ ಒತ್ತುತ್ತಾ ಹೋದರೆ ಕಥೆಯ ಒಂದು ಎಳೆಯೂ ತಪ್ಪದೆ ಕಾಲು ಗಂಟೆಯಲ್ಲಿ ಎಪಿಸೋಡ್ ಮುಗಿಯುತ್ತದೆ. ಎಲ್ಲದಕ್ಕೂ ಈ ಉಪಾಯ ಬೇಡ. 1998ರಲ್ಲಿ ಚಂದನದಲ್ಲಿ ಬಂದ 'ಮಾಯಾಮೃಗ'ದಂಥದ್ದನ್ನು ಹಾರಿಸಿ ನೋಡಿದರೆ ಏನೂ ಸಿಗುವುದಿಲ್ಲ. ಅಲ್ಲಿ ಪಾತ್ರ ಸುಮ್ಮನೆ ಕೂತಿದ್ದರೆ ಅದೂ ಕಥೆಯೇ. ಕೋರ್ಟ್ ವಾದದ ದೃಶ್ಯಗಳೂ ಹಾಗೆಯೇ, ಒಂದು ಪ್ರಶ್ನೆ ಬಿಟ್ಟರೆ ಮುಂದಿನ ಉತ್ತರಕ್ಕೆ ತಲೆಬುಡ ಇರುವುದಿಲ್ಲ.

ಗಡಿಮನೆಗೆ ಆ್ಯಪ್‌ನ ದೊಡ್ಡ ಲಾಭ ಬೇರೆ ಇದೆ. ಟಿವಿಯಲ್ಲಿ ಎರಡು ಭಾಷೆಯ ಚಾನೆಲ್‌ಗಳಿಗೆ ಬೇರೆ ಬೇರೆ ದುಡ್ಡು ಕಟ್ಟಬೇಕು. ಆ್ಯಪ್‌ನಲ್ಲಿ ಒಂದೇ ಚಂದಾದಲ್ಲಿ ಎರಡೂ ಸಿಗುವುದುಂಟು. 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್ ಸೇರಿ ಆದ ಜಿಯೋಹಾಟ್‌ಸ್ಟಾರ್‌ನಲ್ಲಿ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದ ಸೀರಿಯಲ್‌ಗಳ ಜತೆಗೆ ಸ್ಟಾರ್ ಮಾ ಕೂಡ ಇದೆ. ಝೀ5ರಲ್ಲಿ ಝೀ ಕನ್ನಡ, ಝೀ ತೆಲುಗು. ಸನ್ ನೆಕ್ಸ್ಟ್‌ನಲ್ಲಿ ಉದಯ, ಜೆಮಿನಿ. ಈಟಿವಿ ತೆಲುಗು ಬೇಕೆಂದರೆ ಮಾತ್ರ ಈಟಿವಿ ವಿನ್ ಬೇರೆ ಹಾಕಿಸಬೇಕು. ಎಲ್ಲ ಆ್ಯಪ್‌ಗಳನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ, ಮನೆಯವರು ನಿಜವಾಗಿ ನೋಡುವ ನಾಲ್ಕು ಸೀರಿಯಲ್ ಯಾವ ಚಾನೆಲ್‌ನವು ಎಂದು ಬರೆದುಕೊಂಡು ಒಂದನ್ನು ಆರಿಸಿ. ಕಡಿಮೆ ಕ್ವಾಲಿಟಿಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಜಿಬಿ ಖರ್ಚಾಗುತ್ತದೆ, ಎಚ್‌ಡಿಯಲ್ಲಿ ಒಂದೂವರೆ ಜಿಬಿ ದಾಟುವುದು ಸುಲಭ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರು ಕ್ವಾಲಿಟಿಯನ್ನು 'ಆಟೋ'ದಲ್ಲಿ ಬಿಟ್ಟರೆ ಎರಡು ಸೀರಿಯಲ್ ಮುಗಿಯುವಷ್ಟರಲ್ಲಿ ಡೇಟಾ ಖಾಲಿಯಾಗಬಹುದು.

ಕಾಮಿಡಿ ಬೇರೆಯದೇ ಜಾತಿ. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ನಿಂತಿದ್ದೇ ಮಾತಿನ ಟೈಮಿಂಗ್ ಮೇಲೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಉತ್ತರ ಬೀಳಬೇಕು. ಆ್ಯಪ್‌ನಲ್ಲಿ ನೆಟ್ ಸಾಲದೆ ಚಕ್ರ ತಿರುಗಿ ನಿಂತರೆ ನಗು ಸತ್ತೇ ಹೋಗುತ್ತದೆ. ಕೇಬಲ್‌ನಲ್ಲಿ ಆ ಕಾಟ ಇಲ್ಲ, ಮನೆಮಂದಿ ಒಟ್ಟಿಗೆ ಕೂತು ನಗಬಹುದು. ಆದರೆ ಬ್ಲೂಟೂತ್ ಸೌಂಡ್‌ಬಾರ್ ಹಾಕಿದ್ದರೆ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಕೇಳುತ್ತದೆ. ಸೌಂಡ್‌ಬಾರನ್ನು ಎಚ್‌ಡಿಎಂಐ ಎಆರ್‌ಸಿ (ಟಿವಿಯಲ್ಲಿ 'ARC' ಎಂದು ಬರೆದ ಎಚ್‌ಡಿಎಂಐ ಕಿಂಡಿ) ಇಲ್ಲವೇ ಆಪ್ಟಿಕಲ್ ವೈರಿನಲ್ಲಿ ಜೋಡಿಸಿ. ಆದರೂ ಸರಿಹೋಗದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ 'ಎವಿ ಸಿಂಕ್' ಅಥವಾ 'ಆಡಿಯೋ ಡಿಲೇ' ನೋಡಿ. ಪರೀಕ್ಷೆಗೆ ವಾರ್ತೆ ಓದುವವರ ತುಟಿ ನೋಡಬೇಕು. ಡಬ್ಬಿಂಗ್ ಸೀರಿಯಲ್ ಇಟ್ಟುಕೊಂಡು ಬಾಕ್ಸನ್ನು ಬೈಯಬಾರದು, ಅಲ್ಲಿ ತುಟಿ ಎಂದೂ ಹೊಂದುವುದಿಲ್ಲ.

ಕೇಬಲ್‌ನ ನಿಜವಾದ ದೋಷ ಕರೆಂಟು. ಮನೆಯಲ್ಲಿ ಯುಪಿಎಸ್ ಇದ್ದರೂ ಬೀದಿಯ ಕಂಬದಲ್ಲಿರುವ ನೋಡ್‌ಗೆ, ಅಂದರೆ ಮನೆಮನೆಗೆ ಸಿಗ್ನಲ್ ಹಂಚುವ ಪೆಟ್ಟಿಗೆಗೆ, ಬ್ಯಾಕಪ್ ಇಲ್ಲದಿದ್ದರೆ 'ನೋ ಸಿಗ್ನಲ್' ಬರುತ್ತದೆ. ಕನೆಕ್ಷನ್ ಹಾಕಿಸುವ ಮೊದಲು ಆಪರೇಟರನ್ನು ಈ ಒಂದು ಪ್ರಶ್ನೆ ಕೇಳಲೇಬೇಕು. ಬಿಲ್ಲಿನಲ್ಲಿ ಮೂರು ಭಾಗ: ನೆಟ್‌ವರ್ಕ್ ಶುಲ್ಕ, ಚಾನೆಲ್ ದರ, 18% ಜಿಎಸ್‌ಟಿ. ನೆಟ್‌ವರ್ಕ್ ಶುಲ್ಕಕ್ಕಿದ್ದ 130 ರೂಪಾಯಿ ಮಿತಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ತೆಗೆದಿದೆ, ಹಾಗಾಗಿ ಆಪರೇಟರಿಂದ ಆಪರೇಟರಿಗೆ ವ್ಯತ್ಯಾಸ ಇರುತ್ತದೆ. ಕನ್ನಡ ಪ್ಯಾಕ್ ಜತೆ ಇಡೀ ತೆಲುಗು ಪ್ಯಾಕ್ ಸೇರಿಸುವ ಬದಲು ಬೇಕಾದ ಎರಡು ತೆಲುಗು ಚಾನೆಲ್‌ಗಳನ್ನು ಬಿಡಿಯಾಗಿ ಹಾಕಿಸಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಸಿ.

ಲೈನ್ ಎಳೆಯದ ತೋಟದ ಮನೆಗೆ ಡಿಟಿಎಚ್ ಬಿಟ್ಟು ದಾರಿಯಿಲ್ಲ. ತಿಂಗಳ ಬಾಡಿಗೆಯೇ ಬೇಡ, ಚಂದನ ಸಾಕು ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಅದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಕೋಲಾರದಿಂದ ನೋಡಿದರೆ ಆಗ್ನೇಯ ದಿಕ್ಕು, ನೆಲದಿಂದ ಸುಮಾರು 66 ಡಿಗ್ರಿ ಎತ್ತರ. ಆ ಕಡೆ ತೆಂಗಿನ ಗರಿ ಅಡ್ಡ ಬಂದರೆ ಗಾಳಿ ಬೀಸಿದಾಗೆಲ್ಲ ಚಿತ್ರ ಒಡೆಯುತ್ತದೆ. ಜೋರು ಮಳೆಯಲ್ಲಿ ಹತ್ತು ನಿಮಿಷ ಚಿತ್ರ ಹೋದರೆ ಯಾರನ್ನೂ ಕರೆಯಬೇಡಿ, ತಾನೇ ಬರುತ್ತದೆ. ಮಳೆ ನಿಂತ ಮೇಲೂ ಬರದಿದ್ದರೆ ಎಲ್‌ಎನ್‌ಬಿ (ಡಿಶ್ ಮುಂದೆ ಚಾಚಿರುವ ಸಿಗ್ನಲ್ ಹಿಡಿಯುವ ತುದಿ) ಪಿನ್ನಿಗೆ ನೀರು ಹೋಗಿದೆ ಎಂದೇ ಮೊದಲ ಅನುಮಾನ. ವೈರನ್ನು ಅಲ್ಲಿ ಸ್ವಲ್ಪ ಕೆಳಗೆ ಜೋತುಬಿಟ್ಟು, ಪಿನ್ನಿಗೆ ಟೇಪ್ ಸುತ್ತಿಸಿ. ನಂದಿ ತಪ್ಪಲು, ದೇವರಾಯನದುರ್ಗದ ಕಡೆ ಕೋತಿ ಡಿಶ್ ಮೇಲೆ ಕೂತರೆ ಸಾಕು, ಒಂದೆರಡು ಡಿಗ್ರಿ ಜರುಗಿದರೂ ಸಿಗ್ನಲ್ ಸೊನ್ನೆ. ಆ ಊರುಗಳಲ್ಲಿ ಡಿಶ್ಶನ್ನು ಪ್ಯಾರಾಪೆಟ್ ಮೇಲೆ ಕೂರಿಸದೆ, ತಾರಸಿಯ ಒಳಗೋಡೆಗೆ ನಾಲ್ಕೂ ಬೋಲ್ಟ್ ಬಿಗಿದು ನಿಲ್ಲಿಸುವುದು ಒಳ್ಳೆಯದು.